ಗುಂಡನ ಹುಲ್ಲಿನ ಲೆಕ್ಕ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಮೂರು ವರ್ಷಗಳಿಂದ ಹುಲ್ಲಿನ ಲೆಕ್ಕವನ್ನೂ ಬರೆಯುತ್ತ ಬಂದಿದ್ದೇನೆ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅದೂ ಮೂರನೆಯ ಮಹಡಿಯಲ್ಲಿ, ದನವಾಗಲಿ ಕೊಟ್ಟಿಗೆಯಾಗಲಿ ಇಲ್ಲದೆ ಹುಲ್ಲಿನ ಲೆಕ್ಕವೇಕೆಂದು ಬಂದವರು ಕೇಳುತ್ತಾರೆ. ಬಾಲ್ಕನಿಗೆ ಹೊಂದಿಕೊಂಡ ಮೂಲೆಯಲ್ಲಿ ಗುಂಡ ಎಂಬ ಮೊಲವೂ ಎಳ್ಳು, ಬೆಲ್ಲ ಎಂಬ ಎರಡು ಗಿನಿಪಿಗ್‌ಗಳೂ ಇರುವುದನ್ನು ತೋರಿಸಿದರೆ, ಅಷ್ಟು ಚಿಕ್ಕ ಪ್ರಾಣಿಗಳಿಗೆ ಎಷ್ಟು ಹುಲ್ಲು ಬೇಕಾದೀತು ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಮೊದಲೇ ಗೊತ್ತಿದ್ದರೆ ಗುಂಡ ಒಂದು ವಾರ ನೋವಿನಲ್ಲಿ ಕಳೆಯಬೇಕಾಗುತ್ತಿರಲಿಲ್ಲ.

ಗುಂಡ ನಮ್ಮ ಮನೆಗೆ ಬಂದಾಗ ಅವನ ಜೊತೆಗೆ ಬಂದದ್ದು ಒಂದು ಚೀಲ ಕಾಳಿನಂಥ ಸಿದ್ಧ ಆಹಾರ ಮತ್ತು ದಿನಕ್ಕೊಂದು ಕ್ಯಾರೆಟ್ ಕೊಡಿ ಎಂಬ ಸಲಹೆ. ಚಿತ್ರಗಳಲ್ಲಿ ಮೊಲದ ಕೈಗೆ ಸದಾ ಕ್ಯಾರೆಟ್ ಕೊಡುವುದನ್ನು ನೋಡಿಯೇ ಬೆಳೆದ ನಮಗೆ ಅದು ಸಹಜವಾಗಿಯೇ ಕಂಡಿತು. ಅವನು ನಮ್ಮಲ್ಲಿಗೆ ಬಂದ ಎಂಟನೆಯ ತಿಂಗಳ ಒಂದು ಬೆಳಿಗ್ಗೆ ತಟ್ಟೆಯ ಹತ್ತಿರ ಬಂದು, ಮೂಸಿ, ಹಾಗೆಯೇ ಹಿಂದೆ ಸರಿದು ಕುಳಿತ; ಮಧ್ಯಾಹ್ನದವರೆಗೂ ಪಂಜರದ ತಟ್ಟೆಯಲ್ಲಿ ಒಂದು ಹಿಕ್ಕೆಯೂ ಬೀಳಲಿಲ್ಲ. ಪಶುವೈದ್ಯರು ಬಾಯೊಳಗೆ ಬೆಳಕು ಬಿಟ್ಟು ನೋಡಿದಾಗ ದವಡೆಹಲ್ಲಿನ ಒಂದು ಅಂಚು ಚೂಪಾಗಿ ಬೆಳೆದು ಕೆನ್ನೆಗೆ ಚುಚ್ಚುತ್ತಿತ್ತು, ಕರುಳಿನ ಚಲನೆ ಬಹುತೇಕ ನಿಂತಿತ್ತು. ಅವರು ಬರೆದುಕೊಟ್ಟ ಚೀಟಿಯ ಮೊದಲ ಸಾಲಿನಲ್ಲಿ ಹುಲ್ಲು ಎಂದಿತ್ತು, ಔಷಧಿಗಳ ಹೆಸರು ಅದರ ಕೆಳಗೆ ಶುರುವಾಗುತ್ತಿತ್ತು. ಆ ಚೀಟಿಯನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ.

ಮೊಲಕ್ಕೆ 28 ಹಲ್ಲುಗಳು, ಗಿನಿಪಿಗ್‌ಗೆ 20. ಮುಂದಿನ ಬಾಚಿಹಲ್ಲುಗಳ ಜೊತೆಗೆ ಒಳಗಿನ ದವಡೆಹಲ್ಲುಗಳೂ ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತವೆ. ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಉದ್ದನೆಯ ಹುಲ್ಲಿನ ಎಳೆಯನ್ನು ದವಡೆಯನ್ನು ಪಕ್ಕಕ್ಕೆ ಆಡಿಸುತ್ತ ಗಂಟೆಗಟ್ಟಲೆ ಅರೆದಾಗಲೇ ಈ ಹಲ್ಲುಗಳು ಸಮನಾಗಿ ಸವೆಯುತ್ತವೆ. ಕಾಳಿನಂಥ ಆಹಾರ ಒಂದೆರಡು ಕಡಿತಕ್ಕೆ ಪುಡಿಯಾಗಿಬಿಡುವುದರಿಂದ ಅಂಥ ಸವೆತ ಆಗುವುದಿಲ್ಲ. ಕರುಳಿನ ಕಥೆಯೂ ಇದಕ್ಕೆ ಹೆಣೆದುಕೊಂಡೇ ಇದೆ. ದನದ ಹೊಟ್ಟೆಯಲ್ಲಿ ಮುಂಚೆಯೇ ಆಗುವ ಹುದುಗುವಿಕೆ ಈ ಪ್ರಾಣಿಗಳಲ್ಲಿ ಹಿಂದಿನ ಕುರುಡುಕರುಳಿನಲ್ಲಿ ಆಗುತ್ತದೆ, ಜೀರ್ಣವಾಗದ ಒರಟು ನಾರು ಕರುಳನ್ನು ತಳ್ಳುತ್ತ ಹೋದರೆ ಮಾತ್ರ ಆ ವ್ಯವಸ್ಥೆ ನಡೆಯುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲವಾದ್ದರಿಂದ ಒಳಗೆ ಕಟ್ಟಿಕೊಂಡದ್ದಕ್ಕೆ ಹೊರಬರುವ ಇನ್ನೊಂದು ದಾರಿ ಇರುವುದಿಲ್ಲ. ದಿನದ ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆಯಿಲ್ಲದಂತೆ ಹುಲ್ಲೇ ಇರಬೇಕೆಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ, ಮತ್ತು ಅದು ರಾತ್ರಿ ಹಗಲು ಎದುರಿಗೆ ಇರಬೇಕು.

ಚೀಟಿ ಹಿಡಿದುಕೊಂಡು ಹೊರಟ ನಾನು ಮೊದಲು ಮಾಡಿದ್ದು ತಪ್ಪು ಹುಲ್ಲನ್ನು ತಂದದ್ದು. ಇದರಲ್ಲಿ ನಮ್ಮ ಮಾತಿನ ಪಾಲೂ ಇದೆಯೆಂದು ಈಗ ಅನ್ನಿಸುತ್ತದೆ. ಒಣಹುಲ್ಲು ಎಂದರೆ ಬಯಲುಸೀಮೆಯವರಿಗೆ ಕಣ್ಣಮುಂದೆ ಬರುವುದು ರಾಗಿ ಹುಲ್ಲಿನ ಮೆದೆ, ಗದ್ದೆಯ ನಾಡಿನವರಿಗೆ ಬೈಹುಲ್ಲು, ಉತ್ತರ ಕರ್ನಾಟಕದವರಿಗೆ ಜೋಳದ ಕಣಿಕೆಯ ಬಣವೆ. ಇವೆಲ್ಲವೂ ಕಾಳನ್ನು ಬಡಿದುಕೊಂಡ ಮೇಲೆ ಉಳಿದ ದಂಟು. ಗಿಡ ತನ್ನ ಸತ್ವವನ್ನೆಲ್ಲ ತೆನೆಗೆ ಕೊಟ್ಟು ಒಣಗಿದ ಮೇಲಿನ ದೇಹ. ಮೊಲಕ್ಕೆ ಬೇಕಾದದ್ದು ಹುಲ್ಲಿಗೆಂದೇ ಬೆಳೆದ ಹುಲ್ಲನ್ನು, ತೆನೆ ಹೊರಡುವ ಹೊತ್ತಿನಲ್ಲಿ ಎಲೆ ಹಸಿರಾಗಿರುವಾಗಲೇ ಕೊಯ್ದು ಬೇಗನೆ ಒಣಗಿಸಿಟ್ಟ ಮೇವು. ಎರಡಕ್ಕೂ ಒಂದೇ ಮಾತನ್ನು ಬಳಸುವುದರಿಂದ ಅಂಗಡಿಯವರು ಒಂದನ್ನು ಹೇಳಿದರೆ ನಾವು ಇನ್ನೊಂದನ್ನು ತಿಳಿಯುತ್ತೇವೆ. ಹಾಲಿನ ಬೂತಿನ ಹಿಂದೆ ಹಸು ಕಟ್ಟಿಕೊಂಡಿದ್ದವರ ಬಳಿ ನಾನು ಕೇಳಿ ತಂದದ್ದು ಬೈಹುಲ್ಲು. ಅದರಲ್ಲಿ ಸಿಲಿಕಾ ಹೆಚ್ಚು, ಪ್ರೋಟೀನ್ ತೀರ ಕಡಿಮೆ. ಗುಂಡ ಅದರ ಮೇಲೆ ಮಲಗಿದನೇ ಹೊರತು ತಿನ್ನಲಿಲ್ಲ. ಹಾಸಿಗೆಗೆ ಬೈಹುಲ್ಲು ಒಳ್ಳೆಯದೇ, ಒಂದೆರಡು ಎಳೆ ಅಗಿದರೆ ಅಪಾಯವೂ ಇಲ್ಲ. ಆದರೆ ಅದನ್ನೇ ಊಟವೆಂದು ಇಟ್ಟು ಪ್ರಾಣಿಯನ್ನು ಬಡಕಲು ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ.

ಎರಡನೆಯ ಪ್ರಯತ್ನ ಟಿಮೊಥಿ ಹುಲ್ಲು. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮೊಲಕ್ಕೆ ಹುಲ್ಲು ಎಂದರೆ ಇದೊಂದೇ ಎಂಬಂತೆ ಮಾತನಾಡುತ್ತಾರೆ. ಯೂರೋಪಿನ ಮೂಲದ, ತಂಪು ನಾಡಿನ ಈ ಹುಲ್ಲು 18ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಅದನ್ನು ಹರಡಿದ ಟಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರನ್ನು ಹೊತ್ತಿದೆ. ನಮ್ಮ ಬಯಲಿನ ಬಿಸಿಲಿಗೆ ಅದು ಒಗ್ಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ, ಕೆನಡಾ ಮುಂತಾದ ಕಡೆ ಬೆಳೆದದ್ದು ಹಡಗೇರಿ ಬಂದು, ಚಿಕ್ಕ ಚಿಕ್ಕ ಪೊಟ್ಟಣವಾಗಿ ನಮ್ಮ ಕೈ ಸೇರುತ್ತದೆ. ಹುಲ್ಲು ಒಳ್ಳೆಯದೇ ಎಂಬುದರಲ್ಲಿ ನನಗೆ ತಕರಾರಿಲ್ಲ. ಗುಂಡ ಚೇತರಿಸಿಕೊಂಡದ್ದು ಅದನ್ನು ತಿಂದೇ. ಆದರೆ ಆ ತಿಂಗಳುಗಳಲ್ಲಿ ನಾನು ಕಿಲೋಗೆ 900 ರೂಪಾಯಿ ಕೊಟ್ಟಿದ್ದೇನೆ. ನಮ್ಮ ಮೂವರಿಗೆ, ಚೆಲ್ಲಿ ಹಾಳಾಗುವುದೂ ಸೇರಿ, ದಿನಕ್ಕೆ 170 ಗ್ರಾಂ ಹುಲ್ಲು ಬೇಕಾಗುತ್ತದೆಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ ಬರೆದುಕೊಂಡಿದ್ದೆ. ತಿಂಗಳಿಗೆ 5 ಕಿಲೋ, ವರ್ಷಕ್ಕೆ 60 ಕಿಲೋ. ಆ ದರದಲ್ಲಿ ವರ್ಷಕ್ಕೆ 54,000 ರೂಪಾಯಿ ಆಗುತ್ತದೆ, ಅಂದರೆ ನಮ್ಮ ಮೂರು ತಿಂಗಳ ಬಾಡಿಗೆಯಷ್ಟು.

ಈ ಬೆಲೆಯಲ್ಲಿ ಹುಲ್ಲಿನ ಬೆಲೆ ಎಷ್ಟು, ಸಾಗಣೆಯ ಬೆಲೆ ಎಷ್ಟು ಎಂದು ಯೋಚಿಸಿದವರು ಕಡಿಮೆ. ಹುಲ್ಲು ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಸಂಖ್ಯೆಯನ್ನು ತೂಕವೆಂದು ಹಿಡಿಯುತ್ತಾರೆ. 40, 30, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿದರೆ ಒಂದೂವರೆ ಕಿಲೋ ಹುಲ್ಲು ಹಿಡಿದರೆ ಹೆಚ್ಚು. ಲೆಕ್ಕದಲ್ಲಿ ಅದು 7 ಕಿಲೋ ದಾಟುತ್ತದೆ. ಹೀಗೆ ನಾವು ದುಡ್ಡು ಕೊಡುವುದು ಬಹುಪಾಲು ಪೆಟ್ಟಿಗೆಯೊಳಗಿನ ಗಾಳಿಗೆ. ಅದನ್ನು ತಪ್ಪಿಸಲು ಕೆಲವರು ಹುಲ್ಲನ್ನು ಇಟ್ಟಿಗೆಯಂತೆ ಒತ್ತಿ ಕಳಿಸುತ್ತಾರೆ, ಬೆಲೆ ಇಳಿಯುತ್ತದೆ, ಆದರೆ ಹೆಚ್ಚು ಒತ್ತಿದಷ್ಟೂ ಎಲೆ ಪುಡಿಯಾಗಿ, ಬಿಚ್ಚಿದಾಗ ಕಾಲುಭಾಗ ಧೂಳಾಗಿ ಉದುರುತ್ತದೆ. ಹುಲ್ಲು ಬೆಳೆಯುವ ಜಾಗ ನಮ್ಮ ಮನೆಗೆ ಹತ್ತಿರವಾದಷ್ಟೂ ಅಗ್ಗವಾಗುತ್ತದೆ ಎಂಬ ಸರಳ ಸಂಗತಿ ನನ್ನ ತಲೆಗೆ ಹೊಳೆದದ್ದು ಈ ಲೆಕ್ಕ ಹಾಕಿದ ರಾತ್ರಿ.

ಹತ್ತಿರದಲ್ಲಿ ಏನು ಬೆಳೆಯುತ್ತದೆ? ಪಶುಪಾಲನೆಯ ಊರುಗಳಲ್ಲಿ ಹೆಚ್ಚಾಗಿ ಸಿಗುವ ಹಸಿರು ಮೇವು ನೇಪಿಯರ್, ಅದರ ದಪ್ಪ ದಂಟು ಒಣಗಿಸಲು ಕಷ್ಟ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಕೂಡ ಹೆಚ್ಚು. ನಾನು ಅದನ್ನು ಬಿಟ್ಟೆ. ಎಳೆಯ ಜೋಳದ ಮೇವಿನಲ್ಲಿ ಸಯನೈಡ್ ವಿಷ ಉಂಟಾಗುವುದನ್ನು ನಮ್ಮ ರೈತರೆಲ್ಲ ಬಲ್ಲರು, ಅದನ್ನೂ ಬಿಟ್ಟೆ. ಕುದುರೆ ಮಸಾಲೆ ಸೊಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಲ್ಫಾಲ್ಫಾ ಎಂಬ ಹೆಸರಿನಲ್ಲಿ ಅದನ್ನೇ ಒಣಗಿಸಿ ಮೊಲದ ಹುಲ್ಲೆಂದು ಮಾರುತ್ತಾರೆ, ಅದರ ಬೆಲೆ ಕಡಿಮೆ, ಪ್ರಾಣಿಗಳಿಗೆ ರುಚಿಯೂ ಹೆಚ್ಚು. ಅದು ಹುಲ್ಲಿನ ಜಾತಿಯದಲ್ಲ, ಹುರುಳಿ ಅವರೆಗಳ ಬಳಗದ ದ್ವಿದಳ ಗಿಡ. ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಎರಡೂ ಹುಲ್ಲಿಗಿಂತ ಬಹಳ ಹೆಚ್ಚು, ಕ್ಯಾಲ್ಸಿಯಂ ಅಂತೂ ಟಿಮೊಥಿಯ ಎರಡು ಮೂರು ಪಟ್ಟು. ಮೊಲದ ದೇಹ ತನಗೆ ಬೇಕೋ ಬೇಡವೋ ಎಂದು ನೋಡದೆ ತಿಂದ ಕ್ಯಾಲ್ಸಿಯಮ್ಮನ್ನು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ವರ್ಷಗಟ್ಟಲೆ ಹೀಗಾದರೆ ಮೂತ್ರಚೀಲದಲ್ಲಿ ಮರಳು, ಕಲ್ಲು ಕಟ್ಟುತ್ತದೆ. ಆರು ತಿಂಗಳೊಳಗಿನ ಮರಿಗೂ ಗಬ್ಬದ ತಾಯಿಗೂ ಅದು ಒಳ್ಳೆಯ ಆಹಾರ. ಬೆಳೆದ ಮೊಲಕ್ಕೆ ಅದನ್ನು ದಿನದ ಹುಲ್ಲಾಗಿ ಕೊಡುವಂತಿಲ್ಲ.

ಉಳಿದವು ರೋಡ್ಸ್ ಹುಲ್ಲು, ಗಿನಿ ಹುಲ್ಲು, ಓಟ್ಸ್ ಮೇವು ಮತ್ತು ನಮ್ಮ ಗರಿಕೆ. ಟಿಮೊಥಿ ಎಂಬ ಹೆಸರಿನಲ್ಲಿ ಯಾವ ಮಂತ್ರವೂ ಇಲ್ಲ, ಮೊಲಕ್ಕೆ ಬೇಕಾದದ್ದು ನಾರು ಹೆಚ್ಚಾಗಿ ಕ್ಯಾಲ್ಸಿಯಂ ಮಿತವಾಗಿರುವ, ಸ್ವಚ್ಛವಾಗಿ ಒಣಗಿದ ಹುಲ್ಲು ಎಂದು ನಮ್ಮ ಪಶುವೈದ್ಯರು ಹೇಳಿದ ಮೇಲೆ ನನಗೆ ಧೈರ್ಯ ಬಂತು. ಇವುಗಳಲ್ಲಿ ಆಫ್ರಿಕ ಮೂಲದ ರೋಡ್ಸ್ ಹುಲ್ಲು ಒಣಗಿಸಲು ಹೇಳಿ ಮಾಡಿಸಿದಂಥದು. ದಂಟು ಸಣ್ಣ, ಎಲೆ ಹೆಚ್ಚು, ಎರಡು ಮೂರು ದಿನದ ಬಿಸಿಲಿಗೆ ಒಣಗುತ್ತದೆ. ಒಮ್ಮೆ ಬಿತ್ತಿದರೆ ನೀರಿರುವ ಕಡೆ ತಿಂಗಳೊಂದೂವರೆ ತಿಂಗಳಿಗೊಮ್ಮೆ ಕೊಯ್ಯುತ್ತ ಹಲವು ವರ್ಷ ಇಟ್ಟುಕೊಳ್ಳಬಹುದು. ಮೇವಿನ ಬೆಳೆಗಳ ಬಗ್ಗೆ ತಿಳಿಯಬೇಕಾದವರಿಗೆ ನಮ್ಮಲ್ಲಿ ಜಾಗಗಳಿಗೆ ಕೊರತೆಯಿಲ್ಲ: ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ, ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಮೇವಿನ ಬೀಜೋತ್ಪಾದನಾ ಕ್ಷೇತ್ರವಿದೆ. ಅರ್ಧ ಎಕರೆ ಜಮೀನಿದ್ದು, ಮೊಲ ಸಾಕುವ ನಾಲ್ಕಾರು ಮನೆಗಳ ಪರಿಚಯವೂ ಇರುವವರು ಹುಲ್ಲನ್ನು ತಾವೇ ಬೆಳೆದುಕೊಳ್ಳುವುದು ದೊಡ್ಡ ಸಾಹಸವೇನಲ್ಲ.

ನಮಗೆ ಜಮೀನಿರಲಿಲ್ಲ. ಒಳ್ಳೆಯ ಒಣ ಹುಲ್ಲನ್ನು ನಮಗಿಂತ ಮೊದಲೇ, ನಮಗಿಂತ ಎಚ್ಚರದಿಂದ ಹುಡುಕಿ ಕೊಳ್ಳುತ್ತ ಬಂದವರು ಯಾರು ಎಂದು ಯೋಚಿಸಿದಾಗ ಉತ್ತರ ಸಿಕ್ಕಿತು: ಕುದುರೆ ಸಾಕುವವರು. ಕುದುರೆಯೂ ಮೊಲದ ಹಾಗೆಯೇ ಹಿಂಗರುಳಿನಲ್ಲಿ ಹುಲ್ಲನ್ನು ಹುದುಗಿಸುವ ಪ್ರಾಣಿ. ಅದಕ್ಕೂ ವಾಂತಿ ಬಾರದು, ಬೂಷ್ಟು ಹಿಡಿದ ಹುಲ್ಲು ತಿಂದರೆ ಅದಕ್ಕೂ ಹೊಟ್ಟೆಶೂಲೆ ಬರುತ್ತದೆ. ಹಸುವಿಗೆ ನಡೆದುಹೋಗುವ ಮೇವು ಕುದುರೆಗೆ ನಡೆಯುವುದಿಲ್ಲ, ಆದ್ದರಿಂದ ಲಾಯಕ್ಕೆ ಹುಲ್ಲು ಕೊಡುವ ರೈತರು ಎಚ್ಚರದಿಂದ ಒಣಗಿಸುತ್ತಾರೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್, ರೇಸಿನ ಕುದುರೆಗಳಿರುವ ಬೆಂಗಳೂರು, ಮೈಸೂರು, ಈ ಸುತ್ತಿನಲ್ಲಿ ಕುದುರೆ ಮೇವಿನ ತಿಳಿವಳಿಕೆ ಹೊಸದೇನಲ್ಲ. ನಗರದ ಹೊರವಲಯದಲ್ಲಿ ಕುದುರೆ ಸವಾರಿ ಕಲಿಸುವ ಒಂದು ಜಾಗಕ್ಕೆ ಹೋಗಿ ಲಾಯ ನೋಡಿಕೊಳ್ಳುವವರನ್ನು ಕೇಳಿದೆ. ಅವರು ಒಂದು ಹಿಡಿ ಹುಲ್ಲನ್ನು ಮುಖದ ಹತ್ತಿರ ಹಿಡಿದು ಆಳವಾಗಿ ಮೂಸಿ ನನ್ನ ಕೈಗೆ ಕೊಟ್ಟರು. ಹುಲ್ಲು ಕೊಳ್ಳುವ ಬಗೆಯನ್ನು ನಾನು ಕಲಿತದ್ದು ಅವರಿಂದ.

ಮೊದಲು ಮೂಗು. ಸರಿಯಾಗಿ ಒಣಗಿದ ಹುಲ್ಲಿಗೆ ಸಿಹಿಯಾದ, ಚಹಾದ ಎಲೆಯನ್ನು ನೆನಪಿಗೆ ತರುವ ವಾಸನೆ ಇರುತ್ತದೆ. ಮುಗ್ಗಲು ವಾಸನೆ ಬಂದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲಿಂದ ಹೊರಟುಬಿಡಬೇಕು. ಆಮೇಲೆ ಕಣ್ಣು. ಹಸಿರು ಬಣ್ಣ ನೆರಳಿನಲ್ಲಿ ಅಥವಾ ಚುರುಕಾದ ಬಿಸಿಲಿನಲ್ಲಿ ಬೇಗ ಒಣಗಿದ್ದರ ಗುರುತು. ಹೊರೆಯ ಹೊರಮೈ ಬಿಸಿಲಿಗೆ ಹಳದಿಯಾಗಿದ್ದರೆ ಚಿಂತೆಯಿಲ್ಲ, ಒಳಗೆ ಕೈಹಾಕಿ ನಡುವಿನ ಹುಲ್ಲನ್ನು ಎಳೆದು ನೋಡಬೇಕು. ನಡುವೆ ಕಂದು ಅಥವಾ ಕಪ್ಪು ಬಣ್ಣವಿದ್ದು ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಹಸಿಯಾಗಿರುವಾಗಲೇ ಕಟ್ಟಿದ್ದಾರೆಂದು ಅರ್ಥ. ತೇವ ನೂರಕ್ಕೆ 15ರಷ್ಟಕ್ಕೆ ಇಳಿಯುವ ಮೊದಲು ಬಿಗಿಯಾಗಿ ಕಟ್ಟಿದ ಹೊರೆ ಒಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ತೇವ ಅಳೆಯುವ ಯಂತ್ರ ನಮ್ಮ ಬಳಿ ಇರುವುದಿಲ್ಲ, ಆದರೆ ದಂಟಿನ ಗೆಣ್ಣನ್ನು ಉಗುರಿನಿಂದ ಒತ್ತಿ ನೋಡಬಹುದು. ಎಲೆ ಬೇಗ ಒಣಗುತ್ತದೆ, ಗೆಣ್ಣು ಕೊನೆಗೆ ಒಣಗುತ್ತದೆ. ಗೆಣ್ಣು ಮೆತ್ತಗಿದ್ದು ಬಾಗಿದರೆ ಇನ್ನೂ ತೇವವಿದೆ, ಚಟ್ಟನೆ ಮುರಿದರೆ ಸರಿಯಾಗಿದೆ. ಕೊನೆಗೆ ಒಂದು ತೋಳಿನಷ್ಟು ಹುಲ್ಲನ್ನು ಬೆಳಕಿಗೆ ಹಿಡಿದು ಝಾಡಿಸಿ ಎಷ್ಟು ಧೂಳು ಏಳುತ್ತದೆಂದು ನೋಡುವುದು. ಬೂದು ಬಣ್ಣದ ಹೊಗೆಯಂತೆ ಎದ್ದರೆ ಅದು ಮಣ್ಣಲ್ಲ, ಬೂಷ್ಟಿನ ಕಣ. ಮೊಲದ ಶ್ವಾಸಕ್ಕೂ ನಮ್ಮ ಶ್ವಾಸಕ್ಕೂ ಅದು ಕೆಟ್ಟದ್ದು.

ಪೊಟ್ಟಣದಲ್ಲಿ ಕೊಳ್ಳುವವರಿಗೆ ಮೂಸಿ ನೋಡುವ ಅವಕಾಶವಿಲ್ಲ. ಅಂಥವರು ಮೊದಲು ಅತಿ ಚಿಕ್ಕ ಪೊಟ್ಟಣವನ್ನೇ ತರಿಸಲಿ, ಕೊಯ್ದ ತಿಂಗಳನ್ನು ಬರೆದುಕೊಡುವ ಮಾರಾಟಗಾರರನ್ನು ಹುಡುಕಲಿ. ಮೊದಲ ಕೊಯ್ಲು, ಎರಡನೆಯ ಕೊಯ್ಲು ಎಂದು ಬರೆದಿರುವುದಕ್ಕೂ ಅರ್ಥವಿದೆ: ಮೊದಲನೆಯದರಲ್ಲಿ ದಂಟು ಮತ್ತು ತೆನೆ ಹೆಚ್ಚು, ನಾರು ಹೆಚ್ಚು, ಎರಡನೆಯದರಲ್ಲಿ ಎಲೆ ಹೆಚ್ಚು, ಮೂರನೆಯದು ಮೃದು, ರುಚಿ, ಆದರೆ ಹಲ್ಲಿಗೆ ಕೆಲಸ ಕಡಿಮೆ. ಹಲ್ಲಿನ ತೊಂದರೆ ಕಂಡಿರುವ ಗುಂಡನಂಥವರಿಗೆ ದಂಟಿರುವ ಹುಲ್ಲೇ ಬೇಕು. ವಯಸ್ಸಾಗಿ ತಿನ್ನಲು ಹಿಂಜರಿಯುವ ಪ್ರಾಣಿಗೆ ಎಲೆ ಹೆಚ್ಚಿರುವುದನ್ನು ಕೊಡಬಹುದು. ಒಮ್ಮೆ ನಾನು ರಿಯಾಯಿತಿ ನೋಡಿ ಒಟ್ಟಿಗೆ 5 ಕಿಲೋ ತರಿಸಿದ ಪೊಟ್ಟಣವನ್ನು ಬಿಚ್ಚಿದರೆ ಒಳಗೆ ಕಂದು ಬಣ್ಣದ ಮುದ್ದೆಯಿತ್ತು. ಹಿಂದಿರುಗಿಸಲು ಆಗಲಿಲ್ಲ, ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಆಮೇಲಿನಿಂದ ಅಪರಿಚಿತ ಕಡೆಯಿಂದ 500 ಗ್ರಾಮಿಗಿಂತ ಹೆಚ್ಚು ತರಿಸಿಲ್ಲ.

ಲಾಯದವರು ಹೇಳಿದ ರೈತರು ದೊಡ್ಡಬಳ್ಳಾಪುರದ ಕಡೆಯವರು. ಎರಡು ಹೊರೆ, ಒಟ್ಟು 30 ಕಿಲೋ, ಕಿಲೋಗೆ 28 ರೂಪಾಯಿಯಂತೆ 840 ರೂಪಾಯಿ. ನಗರಕ್ಕೆ ಬರುವ ತರಕಾರಿಯ ಗಾಡಿಯಲ್ಲಿ ತಂದು, ಅಲ್ಲಿಂದ ಆಟೋದಲ್ಲಿ ಮನೆಗೆ ಮುಟ್ಟಿಸಲು ಒಟ್ಟು 450. ಮನೆ ಬಾಗಿಲಿಗೆ ಬಂದ ಹುಲ್ಲಿನ ಬೆಲೆ ಕಿಲೋಗೆ 43 ರೂಪಾಯಿ. ವರ್ಷದ 60 ಕಿಲೋ ಹುಲ್ಲು 2,580 ರೂಪಾಯಿಗೆ ಸಿಗುತ್ತದೆ. ಟಿಮೊಥಿಯ 54,000ಕ್ಕೂ ಇದಕ್ಕೂ ನಡುವಿನ ಅಂತರ ನೋಡಿ ಮೊದಲ ದಿನ ನನಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೂಡಿ ನೋಡಿದೆ. ಹೊಸ ಹುಲ್ಲಿಗೆ ಪ್ರಾಣಿಗಳನ್ನು ಹತ್ತು ದಿನಗಳಲ್ಲಿ ಒಗ್ಗಿಸಿದೆ: ಮೊದಲು ಹಳೆಯದರಲ್ಲಿ ಕಾಲುಪಾಲು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಎಳ್ಳು ಮೊದಲ ದಿನವೇ ತಿಂದಳು, ಗುಂಡ ನಾಲ್ಕು ದಿನ ಟಿಮೊಥಿಯನ್ನೇ ಆರಿಸಿ ತಿಂದು ಉಳಿದದ್ದನ್ನು ಪಕ್ಕಕ್ಕೆ ಎಸೆದ. ಈಗ ಅವನಿಗೆ ಎರಡರ ವ್ಯತ್ಯಾಸವಿಲ್ಲ. ಆದರೂ ಟಿಮೊಥಿಯ ಒಂದು ಪೊಟ್ಟಣವನ್ನು ಕಪಾಟಿನಲ್ಲಿ ಇಟ್ಟಿರುತ್ತೇನೆ, ಮಳೆಯಿಂದ ಹೊರೆ ತಡವಾದರೆ ಒಂದು ವಾರವನ್ನು ಅದು ದಾಟಿಸುತ್ತದೆ.

ಅಗ್ಗದ ಹುಲ್ಲಿಗೆ ನಮ್ಮ ಕೆಲಸದ ಪಾಲು ಸೇರುತ್ತದೆ ಎಂಬುದನ್ನು ಮುಚ್ಚಿಡಬಾರದು. ಪೊಟ್ಟಣದ ಹುಲ್ಲನ್ನು ಯಾರೋ ಆರಿಸಿ ಕಳಿಸಿರುತ್ತಾರೆ. ಹೊಲದ ಹೊರೆಯನ್ನು ನಾವೇ ಆರಿಸಬೇಕು. ಹಳೆಯ ಬೆಡ್‌ಶೀಟ್ ಹಾಸಿ, ಹಿಡಿ ಹಿಡಿಯಾಗಿ ಬಿಡಿಸುತ್ತ ನಾನು ಮುಖ್ಯವಾಗಿ ಹುಡುಕುವುದು ಕಾಂಗ್ರೆಸ್ ಗಿಡವನ್ನು. ಪಾರ್ಥೇನಿಯಂ ಎಂಬ ಹೆಸರಿನ ಈ ಕಳೆ ನಮ್ಮ ರಾಜ್ಯದ ಹೊಲದ ಬದುಗಳಲ್ಲೆಲ್ಲ ಹಬ್ಬಿದೆ, ಒಣಗಿದ ಮೇಲೂ ವಿಷವೇ. ಒಂದು ಕಡ್ಡಿ ಸಿಕ್ಕರೂ ಆ ಹಿಡಿಯನ್ನೇ ಬಿಸಾಡುತ್ತೇನೆ. ಪ್ಲಾಸ್ಟಿಕ್ ಹುರಿ, ಸತ್ತ ಕೀಟ, ಇಲಿಯ ಹಿಕ್ಕೆ ಇವೂ ಕಣ್ಣಿಗೆ ಬೀಳುತ್ತವೆ. ಇಲಿಯ ಓಡಾಟದ ಗುರುತಿದ್ದ ಒಂದು ಹೊರೆಯನ್ನು ಪೂರ್ತಿ ಹಿಂದಿರುಗಿಸಿದ್ದೇನೆ, ರೈತರು ಮರುಮಾತಿಲ್ಲದೆ ಬೇರೆ ಕೊಟ್ಟರು. ಯಾವ ಕೀಟನಾಶಕ, ಯಾವಾಗ ಎಂದು ಪ್ರತಿಸಲವೂ ಕೇಳುತ್ತೇನೆ. ಮೇವಿಗೆಂದೇ ಬೆಳೆದ ಹುಲ್ಲಿಗೆ ಸಾಮಾನ್ಯವಾಗಿ ಹೊಡೆಯುವುದಿಲ್ಲ, ಆದರೆ ಪಕ್ಕದ ಟೊಮೆಟೊ ತಾಕಿಗೆ ಹೊಡೆದದ್ದು ಗಾಳಿಗೆ ಬರುತ್ತದೆ.

ನನ್ನ ಊರು ಶಿರಸಿಯ ಕಡೆ. ಅಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಬೇಣದ, ಅಂದರೆ ಹುಲ್ಲುಗಾವಲಿನ, ಹುಲ್ಲನ್ನು ಕೊಯ್ದು ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುತ್ತಾರೆ, ಅದನ್ನು ಕರಡ ಎನ್ನುತ್ತೇವೆ. ಬೈಹುಲ್ಲಿಗೂ ಕರಡಕ್ಕೂ ಬೇರೆ ಬೇರೆ ಹೆಸರಿಟ್ಟ ನಮ್ಮ ಸೀಮೆಯವರಿಗೆ ನಾನು ಮೇಲೆ ಹೇಳಿದ ಗೊಂದಲ ಬಾರದು. ಊರು ಬಿಟ್ಟು ಇಪ್ಪತ್ತು ವರ್ಷವಾದ ನನಗೆ ಬಂತು. ನನ್ನ ಪಾಡನ್ನು ಕೇಳಿದ ಅಮ್ಮ ಬಸ್ಸಿನಲ್ಲಿ ಒಂದು ಗೋಣಿ ಕರಡ ಕಳಿಸಿದರು. ಬಣ್ಣ, ವಾಸನೆ ಎರಡೂ ಚೆನ್ನಾಗಿದ್ದವು, ಮೂವರೂ ಆಸೆಯಿಂದ ತಿಂದರು. ಮೂರನೆಯ ದಿನ ಬೆಲ್ಲಳ ತುಟಿಯ ಪಕ್ಕದಲ್ಲಿ ಕಪ್ಪಗಿನ ಕೂದಲಿನಂಥದು ಅಂಟಿರುವುದು ಕಂಡಿತು, ಎಳೆದರೆ ಅದು ಒಳಗೆ ಚುಚ್ಚಿಕೊಂಡಿದ್ದ ಹುಲ್ಲಿನ ಊಬು. ಬೇಣದಲ್ಲಿ ಬೆಳೆಯುವ ಕೆಲವು ಹುಲ್ಲುಗಳು ತೆನೆ ಬಲಿತಾಗ ಸೂಜಿಯಂಥ ಊಬನ್ನು ಬಿಡುತ್ತವೆ, ಗುಡ್ಡ ಹತ್ತುವಾಗ ಲಂಗ ಪಂಚೆಗಳಿಗೆ ಚುಚ್ಚಿಕೊಳ್ಳುವುದು ಅದೇ. ದನದ ದಪ್ಪ ನಾಲಿಗೆಗೆ ಅದು ಲೆಕ್ಕಕ್ಕಿಲ್ಲ. ಒಂದು ಕಿಲೋ ತೂಕದ ಪ್ರಾಣಿಯ ತುಟಿಗೆ, ಕಣ್ಣಿಗೆ ಅದು ಬಾಣದಂತೆ. ಗಾಯ ಎರಡು ದಿನದಲ್ಲಿ ಮಾಗಿತು. ಮುಂದಿನ ವರ್ಷ ಅಮ್ಮ ತೆನೆ ಬಲಿಯುವ ಮೊದಲೇ ಕೊಯ್ಯಿಸಿ, ಊಬಿನ ಹುಲ್ಲಿಲ್ಲದ ಕಡೆಯದನ್ನೇ ಆರಿಸಿ ಕಳಿಸಿದರು. ಅದನ್ನು ದಿನವೂ ಒಂದು ಹಿಡಿ, ಬೇರೆ ಹುಲ್ಲಿನ ಜೊತೆ ರುಚಿಗೆಂದು ಕೊಡುತ್ತೇನೆ. ಕಾಡಿನಂಚಿನ ಹುಲ್ಲನ್ನು ತರಿಸುವವರು ತೆನೆಗಳನ್ನು ಬೆರಳಿನಿಂದ ಸವರಿ ನೋಡದೆ ಕೊಡಬಾರದು.

ಗರಿಕೆಯ ವಿಷಯಕ್ಕೆ ಬಂದರೆ, ಗಣಪತಿಗೆ ಏರಿಸುವ ಈ ಹುಲ್ಲು ಮೊಲಕ್ಕೂ ಗಿನಿಪಿಗ್‌ಗೂ ಬಹಳ ಒಳ್ಳೆಯದು. ಬೇರೆ ದೇಶಗಳಲ್ಲಿ ಇದನ್ನೇ ಬರ್ಮುಡಾ ಹುಲ್ಲೆಂದು ಒಣಗಿಸಿ ಕುದುರೆಗಳಿಗೆ ಹಾಕುತ್ತಾರೆ. ಗಾಂಧಿ ಬಜಾರಿನಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನವರ ಬಳಿ ಕಟ್ಟು ಕಟ್ಟಾಗಿ ಸಿಗುತ್ತದೆ. ಸಂಕಷ್ಟಿಯ ದಿನ ಬೆಲೆ ಏರುತ್ತದೆ, ಮರುದಿನ ಮಿಕ್ಕದ್ದನ್ನು ಕಡಿಮೆಗೆ ಕೊಡುತ್ತಾರೆ. ಬಾಡದಿರಲೆಂದು ನೀರು ಚಿಮುಕಿಸಿರುತ್ತಾರಾದ್ದರಿಂದ ಕಟ್ಟಿನ ಒಳಭಾಗ ಕೊಳೆತಿದೆಯೇ ಎಂದು ಬಿಚ್ಚಿ ನೋಡಿ, ಎರಡು ಸಲ ತೊಳೆದು, ತಾರಸಿಯಲ್ಲಿ ತೆಳುವಾಗಿ ಹರಡಿ ಒಣಗಿಸುತ್ತೇನೆ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ 10 ಕಿಲೋ ಹಸಿ ಗರಿಕೆಯಿಂದ ಎರಡೂವರೆ ಕಿಲೋ ಒಣಹುಲ್ಲು ಬಂದರೆ ಹೆಚ್ಚು. ಹಾಗೆ ನೋಡಿದರೆ ಮಾರುಕಟ್ಟೆಯ ಗರಿಕೆ ಅಗ್ಗವೇನಲ್ಲ, ಊಟಕ್ಕೆ ಉಪ್ಪಿನಕಾಯಿಯಷ್ಟು ಸರಿ. ಉದ್ಯಾನದ ಯಂತ್ರ ಕತ್ತರಿಸಿ ಹಾಕಿದ ಹುಲ್ಲನ್ನು ಮಾತ್ರ ಯಾರೂ ತರಬೇಡಿ, ಅದು ಗುಡ್ಡೆಯಲ್ಲೇ ಬಿಸಿಯಾಗಿ ಹುಳಿಯಲು ಶುರುವಾಗಿರುತ್ತದೆ. ರಸ್ತೆಬದಿಯ ಹುಲ್ಲೂ ಬೇಡ, ನಾಯಿಗಳ ಮೂತ್ರ, ವಾಹನಗಳ ಹೊಗೆ ಎರಡೂ ಅದರ ಮೇಲಿರುತ್ತವೆ.

ಕೊಂಡ ಹುಲ್ಲನ್ನು ಇಟ್ಟುಕೊಳ್ಳಲು ಬಾರದಿದ್ದರೆ ಅಗ್ಗವಾಗಿ ಕೊಂಡದ್ದಕ್ಕೆ ಅರ್ಥವಿರುವುದಿಲ್ಲ. ಮೊದಲ ವರ್ಷ ನಾನು ಹೊರೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಜುಲೈ ತಿಂಗಳಲ್ಲಿ 8 ಕಿಲೋ ಕಳೆದುಕೊಂಡೆ. ಹುಲ್ಲಿಗೆ ಗಾಳಿ ಬೇಕು, ಬೆಳಕು ಬೇಡ, ನೆಲದ ತಂಪು ಬೇಡ. ಈಗ ಹಳೆಯ ಹತ್ತಿ ಸೀರೆಯಿಂದ ಹೊಲಿಸಿದ ನಾಲ್ಕು ಚೀಲಗಳಲ್ಲಿ ತುಂಬಿ, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ಚೀಲದೊಳಗೆ ಕೈಹಾಕಿ ಬೆಚ್ಚಗಿದೆಯೇ ಎಂದು ನೋಡುತ್ತೇನೆ. ಬೆಂಗಳೂರಿನ ಹವೆಗೆ ಇಷ್ಟು ಸಾಕು. ಮಂಗಳೂರು, ಕಾರವಾರದ ಕಡೆ ಇರುವವರು ಮಳೆಗಾಲಕ್ಕೆ ಮೊದಲು ಒಂದು ತಿಂಗಳಿಗಿಂತ ಹೆಚ್ಚಿನ ಹುಲ್ಲನ್ನು ಕೂಡಿಡದಿರುವುದೇ ಒಳ್ಳೆಯದು, ಬೆಲೆ ಸ್ವಲ್ಪ ಹೆಚ್ಚಾದರೂ ಆ ಮೂರು ತಿಂಗಳು ಚಿಕ್ಕ ಪೊಟ್ಟಣವೇ ಲಾಭ. ಕೊಳ್ಳಲು ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಆಗ ಬಿಸಿಲಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ, ರೈತರೂ ಮಳೆಗೆ ಹೆದರಿ ಹಸಿಯಾಗಿಯೇ ಕಟ್ಟುವುದಿಲ್ಲ.

ಒಂದು ಹೊರೆಯನ್ನು ಒಬ್ಬರೇ ತರಿಸುವುದಕ್ಕಿಂತ ನಾಲ್ಕು ಮನೆಯವರು ಸೇರಿದರೆ ಸಾಗಣೆ ಇನ್ನೂ ಇಳಿಯುತ್ತದೆ. ನಮ್ಮ ಬಡಾವಣೆಯಲ್ಲಿ ಈಗ ಮೂರು ಮನೆಗಳು ನನ್ನ ಜೊತೆ ಪಾಲುದಾರರು. ಅವರಲ್ಲೊಬ್ಬರ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿಯಿದ್ದಾಳೆ. ಹೊರೆ ಬಂದ ದಿನ ಮೂಸಿ ನೋಡುವ ಕೆಲಸ ಅವಳದೇ, ಅವಳು ತಲೆಯಾಡಿಸಿದ ಮೇಲೆಯೇ ನಾವು ದುಡ್ಡು ಕಳಿಸುವುದು. ಗಿನಿಪಿಗ್‌ಗಳಿಗೆ ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿ ತಯಾರಿಸಿಕೊಳ್ಳಲು ಬಾರದು, ಒಣಹುಲ್ಲಿನಲ್ಲಿ ಅದು ಉಳಿದಿರುವುದಿಲ್ಲ. ಆದ್ದರಿಂದ ಹುಲ್ಲಿನಲ್ಲಿ ಉಳಿದ ದುಡ್ಡಿನಲ್ಲಿ ದೊಣ್ಣೆಮೆಣಸಿನಕಾಯಿ ಮತ್ತು ಕೊತ್ತಂಬರಿ ಸೊಪ್ಪು ತರುತ್ತೇನೆ.

ಗುಂಡನ ಹಿಕ್ಕೆಗಳು ಈಗ ಒಂದೇ ಅಳತೆಯ, ಒಣಗಿದ, ಮುರಿದರೆ ಒಳಗೆ ಹುಲ್ಲಿನ ಎಳೆ ಕಾಣುವ ಉಂಡೆಗಳು. ಹುಲ್ಲು ಸರಿಯಿದೆಯೇ ಎಂದು ತಿಳಿಯಲು ನಾನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಗಾತ್ರ ಚಿಕ್ಕದಾದರೆ ಅಥವಾ ಸಂಖ್ಯೆ ಇಳಿದರೆ ಹೊಸ ಚೀಲದ ಹುಲ್ಲನ್ನು ಮತ್ತೊಮ್ಮೆ ಮೂಸುತ್ತೇನೆ. ಕಳೆದ ತಿಂಗಳು ಪಶುವೈದ್ಯರು ಅವನ ದವಡೆಹಲ್ಲನ್ನು ನೋಡಿ, ಈ ಸಲ ಉಜ್ಜುವ ಅಗತ್ಯವಿಲ್ಲ ಎಂದರು. ಕ್ಯಾಲೆಂಡರಿನ ಈ ಪುಟದಲ್ಲಿ ಉಳಿದಿರುವುದು 9 ಕಿಲೋ. ಮುಂದಿನ ಹೊರೆಗೆ ಹೇಳಿಟ್ಟಿದ್ದೇನೆ, ಸಂಕ್ರಾಂತಿ ಕಳೆದ ಮೊದಲ ವಾರ ಬಿಸಿಲು ನೋಡಿ ಕೊಯ್ಯುವುದಾಗಿ ರೈತರು ಹೇಳಿದ್ದಾರೆ.